ಜೂನಿಯರ್‌ಗೆ ಹೇಳಿಕೊಟ್ಟರೆ ಸೀನಿಯರ್‌ಗೇನು ಲಾಭ?

ಪರೀಕ್ಷೆಗೆ ನಾಲ್ಕೇ ದಿನ ಇದೆ ಅನ್ನುವಾಗ ಹಾಸ್ಟೆಲ್‌ನ ಒಂದು ರೂಮಿನ ಮುಂದೆ ಮಾತ್ರ ಚಪ್ಪಲಿಗಳ ರಾಶಿ ಬಿದ್ದಿರುತ್ತದೆ. ಪ್ರತಿ ಬ್ಯಾಚ್‌ನಲ್ಲೂ ಅಂಥವನೊಬ್ಬ ಇರುತ್ತಾನೆ, ಲೇಡೀಸ್ ಹಾಸ್ಟೆಲ್‌ನಲ್ಲಿ ಅಂಥವಳೊಬ್ಬಳು. 'ಮಗಾ, ಈ ಮಾಡ್ಯೂಲ್ ಒಂದು ಹೇಳ್ಕೊಡೋ' ಅಂತ ಬಂದವರಿಗೆಲ್ಲ ಮಧ್ಯರಾತ್ರಿವರೆಗೂ ಹೇಳಿಕೊಡುತ್ತಾ ಕೂತಿರುತ್ತಾರೆ. ನೋಡಿದವರಿಗೆ ಅಯ್ಯೋ ಪಾಪ ಅನ್ನಿಸುತ್ತದೆ. ಊರಿಗೆಲ್ಲ ಪಾಠ ಮಾಡ್ತಾ ಕೂತರೆ ಇವನು ಓದೋದು ಯಾವಾಗ?

ಆದರೆ ರಿಸಲ್ಟ್ ಬಂದ ದಿನ ನೋಡಿದರೆ ಸಾಮಾನ್ಯವಾಗಿ ಅವನೇ ಮುಂದೆ ಇರುತ್ತಾನೆ. 'ಅವನು ಮೊದಲೇ ಬುದ್ಧಿವಂತ ಬಿಡು' ಅಂತ ನಾವು ಮಾತು ಮುಗಿಸಿಬಿಡುತ್ತೇವೆ. ಅದರಲ್ಲಿ ಅರ್ಧ ಸತ್ಯ ಇದೆ. ಇನ್ನರ್ಧ ಏನೆಂದರೆ, ಬೇರೆಯವರಿಗೆ ಹೇಳಿಕೊಟ್ಟಿದ್ದೇ ಅವನ ಓದು.

ನಾನು ಇಂಜಿನಿಯರಿಂಗ್ ಓದುವಾಗ ಎರಡು ವರ್ಷ ಜೂನಿಯರ್‌ಗಳ ಜೊತೆ ಸಂಜೆ ಗಣಿತದ ಕೂಟ ನಡೆಸಿದವನು. ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ದಿನವೂ ಬಳಸುವ ಕೆಲವು ಕೌಶಲಗಳನ್ನು ನಾನು ಎಲ್ಲಿ ಕಲಿತೆ ಅಂತ ಲೆಕ್ಕ ಹಾಕಿದರೆ, ಉತ್ತರ ಲ್ಯಾಬ್‌ಗಿಂತ ಹೆಚ್ಚಾಗಿ ಆ ಸಂಜೆಗಳ ಕಡೆಗೇ ಹೋಗುತ್ತದೆ. ಇದು ನನ್ನೊಬ್ಬನ ಅನುಭವ ಮಾತ್ರ ಅಲ್ಲ. ಇದರ ಬಗ್ಗೆ ಜಗತ್ತಿನಲ್ಲಿ ಐವತ್ತು ವರ್ಷಗಳಿಂದ ಪ್ರಯೋಗ, ಅಧ್ಯಯನ ನಡೆಯುತ್ತಲೇ ಇದೆ.

ಕನ್ಸಾಸ್ ಸಿಟಿಯಲ್ಲಿ ಶುರುವಾದದ್ದು

ಅಮೆರಿಕದ ಕನ್ಸಾಸ್ ಸಿಟಿಯ ಮಿಸ್ಸೌರಿ ವಿಶ್ವವಿದ್ಯಾಲಯದಲ್ಲಿ 1973ರಲ್ಲಿ ಡಿಯಾನಾ ಮಾರ್ಟಿನ್ ಎಂಬುವರು ಒಂದು ವ್ಯವಸ್ಥೆ ಶುರು ಮಾಡಿದರು. ಮೆಡಿಕಲ್, ಡೆಂಟಲ್, ಫಾರ್ಮಸಿಯಂಥ ಕೋರ್ಸುಗಳಲ್ಲಿ ವಿದ್ಯಾರ್ಥಿಗಳು ಫೇಲಾಗಿ ಅರ್ಧಕ್ಕೇ ಬಿಟ್ಟು ಹೋಗುತ್ತಿದ್ದದ್ದು ಅಲ್ಲಿನ ಸಮಸ್ಯೆ. ಅದಕ್ಕೆ ಅವರು ಕಂಡುಕೊಂಡ ದಾರಿಯ ಹೆಸರು 'ಸಪ್ಲಿಮೆಂಟಲ್ ಇನ್‌ಸ್ಟ್ರಕ್ಷನ್', ಚಿಕ್ಕದಾಗಿ ಎಸ್ಐ.

ಇದರ ಜಾಣತನ ಒಂದು ಸಣ್ಣ ತಿರುವಿನಲ್ಲಿದೆ. 'ದಡ್ಡ ವಿದ್ಯಾರ್ಥಿ' ಯಾರು ಅಂತ ಹುಡುಕುವ ಬದಲು 'ಕಷ್ಟದ ಸಬ್ಜೆಕ್ಟ್' ಯಾವುದು ಅಂತ ಅವರು ಹುಡುಕಿದರು. ಯಾವ ಸಬ್ಜೆಕ್ಟ್‌ನಲ್ಲಿ ನೂರಕ್ಕೆ ಮೂವತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಳಗಿನ ಗ್ರೇಡ್ ತೆಗೆದುಕೊಳ್ಳುತ್ತಾರೋ, ಫೇಲಾಗುತ್ತಾರೋ, ಬಿಟ್ಟು ಹೋಗುತ್ತಾರೋ, ಆ ಸಬ್ಜೆಕ್ಟ್‌ಗೇ ಒಂದು ಓದುವ ಕೂಟ. ಬರುವುದು ಬಿಡುವುದು ವಿದ್ಯಾರ್ಥಿಯ ಇಷ್ಟ. ಚೆನ್ನಾಗಿ ಓದುವವರೂ ಬರಬಹುದು. ಹಾಗಾಗಿ ಅಲ್ಲಿ ಕೂತವರ ಹಣೆಗೆ 'ವೀಕ್ ಸ್ಟೂಡೆಂಟ್' ಅಂತ ಚೀಟಿ ಅಂಟುವುದಿಲ್ಲ.

ಕೂಟ ನಡೆಸುವವರು ಲೆಕ್ಚರರ್ ಅಲ್ಲ. ಅದೇ ಸಬ್ಜೆಕ್ಟನ್ನು ಹಿಂದೆ ಚೆನ್ನಾಗಿ ಪಾಸು ಮಾಡಿದ ಸೀನಿಯರ್. ಅವರು ಮತ್ತೆ ಆ ಕ್ಲಾಸಿಗೆ ಹೋಗಿ ಕೂರುತ್ತಾರೆ, ನೋಟ್ಸ್ ಬರೆದುಕೊಳ್ಳುತ್ತಾರೆ. ಆಮೇಲೆ ವಾರದಲ್ಲಿ ಕೆಲವು ಗಂಟೆ ಕೂಟ ನಡೆಸುತ್ತಾರೆ. ಅವರಿಗೆ ಮುಖ್ಯವಾದ ನಿಯಮ ಒಂದೇ: ಮತ್ತೆ ಪಾಠ ಮಾಡಬಾರದು. ಪ್ರಶ್ನೆ ಬಂದರೆ ಉತ್ತರ ಒಪ್ಪಿಸದೆ, ಗುಂಪಿನ ಕಡೆಗೇ ತಿರುಗಿಸಬೇಕು.

ಈ ಮಾದರಿ ಆಮೇಲೆ ಬೇರೆ ದೇಶಗಳಿಗೂ ಹೋಯಿತು. ಆಸ್ಟ್ರೇಲಿಯಾದಲ್ಲಿ ಇದಕ್ಕೆ 'ಪಾಸ್' ಅನ್ನುತ್ತಾರೆ, ಅಲ್ಲಿ ವುಲ್ಲಂಗಾಂಗ್ ವಿಶ್ವವಿದ್ಯಾಲಯ ಇದರ ಮುಖ್ಯ ನೆಲೆ. ಬ್ರಿಟನ್‌ನಲ್ಲಿ ಮ್ಯಾಂಚೆಸ್ಟರ್, ಸ್ವೀಡನ್‌ನಲ್ಲಿ ಲುಂಡ್ ವಿಶ್ವವಿದ್ಯಾಲಯಗಳು ಇದನ್ನು ದೊಡ್ಡ ಮಟ್ಟದಲ್ಲಿ ನಡೆಸಿವೆ. ಶುರುವಾದದ್ದು ಜೂನಿಯರ್‌ಗಳು ಪಾಸಾಗಲಿ ಅಂತ. ನಡೆಸುತ್ತಾ ಹೋದ ಹಾಗೆ ಕೂಟ ನಡೆಸುವ ಸೀನಿಯರ್‌ಗಳೂ ಬದಲಾಗುತ್ತಿದ್ದಾರೆ ಅನ್ನುವುದು ಕಣ್ಣಿಗೆ ಬಿತ್ತು.

ಅದಕ್ಕೂ ಮೊದಲು ಮದ್ರಾಸಿನಲ್ಲಿ

ದೊಡ್ಡವರು ಚಿಕ್ಕವರಿಗೆ ಹೇಳಿಕೊಡುವುದು ಪಶ್ಚಿಮದಿಂದ ಬಂದದ್ದೇನಲ್ಲ. ನಮ್ಮ ಕೂಲಿಮಠಗಳಲ್ಲಿ ಅಯ್ಯನವರು ಒಬ್ಬರೇ, ಮಕ್ಕಳು ಹತ್ತಾರು. ಕಲಿತ ಹುಡುಗರೇ ಹೊಸಬರ ಕೈ ಹಿಡಿದು ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದರು, ಮಗ್ಗಿ ಹೇಳಿಸುತ್ತಿದ್ದರು.

18ನೇ ಶತಮಾನದ ಕೊನೆಯಲ್ಲಿ ಆಂಡ್ರ್ಯೂ ಬೆಲ್ ಎಂಬ ಸ್ಕಾಟ್ಲೆಂಡಿನ ಪಾದ್ರಿ ಮದ್ರಾಸಿನಲ್ಲಿ ಸೈನಿಕರ ಅನಾಥ ಗಂಡುಮಕ್ಕಳ ಶಾಲೆಯೊಂದನ್ನು ನೋಡಿಕೊಳ್ಳುತ್ತಿದ್ದರು. ಊರಿನ ಶಾಲೆಯೊಂದರಲ್ಲಿ ಮಕ್ಕಳು ಮರಳಿನಲ್ಲಿ ಬೆರಳಾಡಿಸಿ ಅಕ್ಷರ ಕಲಿಯುವುದನ್ನು ಅವರು ಕಂಡರು. ತಮ್ಮ ಶಾಲೆಯಲ್ಲೂ ಹಾಗೇ ಮಾಡಿಸಲು ಹೊರಟರೆ ಅಲ್ಲಿನ ಮೇಷ್ಟ್ರು ಒಪ್ಪಲಿಲ್ಲ. ಕೊನೆಗೆ ಸುಮಾರು ಎಂಟು ವರ್ಷದ ಒಬ್ಬ ಹುಡುಗನನ್ನೇ ಚಿಕ್ಕ ಮಕ್ಕಳಿಗೆ ಕಲಿಸಲು ಕೂರಿಸಿದರು. ಅದು ಕೆಲಸ ಮಾಡಿತು. 1797ರಲ್ಲಿ ಲಂಡನ್ನಿನಲ್ಲಿ ಅದರ ವರದಿ ಅಚ್ಚಾಯಿತು. ಮುಂದೆ 'ಮದ್ರಾಸ್ ಪದ್ಧತಿ' ಅನ್ನುವ ಹೆಸರಿನಲ್ಲೇ ಅದು ಇಂಗ್ಲೆಂಡಿನ ಶಾಲೆಗಳಿಗೆ ಹರಡಿತು.

ಆ ಪದ್ಧತಿಯನ್ನು ಅಲ್ಲಿನವರು ಬಹುಪಾಲು ಕಡಿಮೆ ಖರ್ಚಿನಲ್ಲಿ ಹೆಚ್ಚು ಮಕ್ಕಳಿಗೆ ಬಾಯಿಪಾಠ ಮಾಡಿಸುವುದಕ್ಕೆ ಬಳಸಿಕೊಂಡರು. ಕಲಿಸುವ ಹುಡುಗನಿಗೆ ಏನು ಸಿಗುತ್ತದೆ ಅನ್ನುವ ಪ್ರಶ್ನೆಯನ್ನು ಪ್ರಯೋಗ ಮಾಡಿ ನೋಡಿದ್ದು 20ನೇ ಶತಮಾನದಲ್ಲಿ.

ಪ್ರಯೋಗಗಳು ಏನು ಹೇಳುತ್ತವೆ?

ಇಂಜಿನಿಯರ್ ಆದವನಿಗೆ ಇಲ್ಲಿ ಒಂದು ಅನುಮಾನ ಬರಲೇಬೇಕು. ಹೇಳಿಕೊಡುವವರೆಲ್ಲ ಮೊದಲೇ ಚೆನ್ನಾಗಿ ಓದುವವರು. ಅವರ ಅಂಕ ಜಾಸ್ತಿ ಇದ್ದರೆ ಅದು ಹೇಳಿಕೊಟ್ಟದ್ದರಿಂದಲೋ, ಮೊದಲೇ ಇದ್ದದ್ದೋ? ಇದು ಬಗೆಹರಿಯಬೇಕಾದರೆ ಯಾರು ಹೇಳಿಕೊಡಬೇಕು ಅನ್ನುವುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸಿ, ಆಮೇಲೆ ಹೋಲಿಸಬೇಕು. ಸಂಶೋಧಕರು ಮಾಡಿದ್ದೂ ಅದನ್ನೇ.

1980ರಲ್ಲಿ ಬಾರ್ಜ್ ಮತ್ತು ಶೂಲ್ ಎಂಬ ಇಬ್ಬರು, 'ಪರೀಕ್ಷೆಗೆ ಓದಿ' ಅಂತ ಹೇಳಿಸಿಕೊಂಡವರಿಗಿಂತ 'ಇನ್ನೊಬ್ಬರಿಗೆ ಹೇಳಿಕೊಡಲು ಓದಿ' ಅಂತ ಹೇಳಿಸಿಕೊಂಡವರು ಚೆನ್ನಾಗಿ ಕಲಿಯುತ್ತಾರೆ ಅಂತ ತೋರಿಸಿದರು. 2014ರಲ್ಲಿ ನೆಸ್ಟೊಯ್ಕೊ ಮತ್ತು ಸಂಗಡಿಗರು ಇಂಥದ್ದೇ ಪ್ರಯೋಗ ಮಾಡಿದರು. ಅದರಲ್ಲಿ ಒಂದು ತಮಾಷೆ ಇದೆ: ಹೇಳಿಕೊಡಬೇಕು ಅಂತ ಓದಿಸಿದ ಗುಂಪಿಗೆ ಕೊನೆಗೆ ಹೇಳಿಕೊಡುವ ಅವಕಾಶವನ್ನೇ ಕೊಡಲಿಲ್ಲ! ಎರಡೂ ಗುಂಪಿಗೆ ಒಂದೇ ಪರೀಕ್ಷೆ. ಆದರೂ ಹೇಳಿಕೊಡುವ ನಿರೀಕ್ಷೆಯಲ್ಲಿ ಓದಿದವರು ಹೆಚ್ಚು ನೆನಪಿಟ್ಟುಕೊಂಡಿದ್ದರು. ಮುಖ್ಯ ಅಂಶಗಳು ಅವರ ತಲೆಯಲ್ಲಿ ಹೆಚ್ಚು ಜೋಡಣೆಯಾಗಿ ಕೂತಿದ್ದವು.

ಹಾಗಾದರೆ ಬರೀ ಅಂದುಕೊಂಡರೆ ಸಾಕಾ? ಸಾಲದು. 2013ರಲ್ಲಿ ಫಿಯೊರೆಲ್ಲಾ ಮತ್ತು ಮೇಯರ್ ಡಾಪ್ಲರ್ ಪರಿಣಾಮದ ಪಾಠ ಇಟ್ಟುಕೊಂಡು ಪ್ರಯೋಗ ಮಾಡಿದರು. ಆಂಬ್ಯುಲೆನ್ಸ್ ಹತ್ತಿರ ಬರುವಾಗ ಸೈರನ್ ಕೀರಲಾಗಿ, ದೂರ ಹೋಗುವಾಗ ದಪ್ಪವಾಗಿ ಕೇಳುತ್ತದಲ್ಲ, ಅದೇ ಪಾಠ. ಹೇಳಿಕೊಡುವ ನಿರೀಕ್ಷೆ ಮಾತ್ರ ಇದ್ದವರ ಲಾಭ ಬೇಗ ಕರಗಿತು. ನಿಜವಾಗಿಯೂ ನಿಂತು ವಿವರಿಸಿದವರ ಲಾಭ ಒಂದು ವಾರದ ನಂತರದ ಪರೀಕ್ಷೆಯಲ್ಲೂ ಕಂಡಿತು.

ಇನ್ನೊಂದು ಸಂಗತಿ 2009ರದ್ದು. ಕಂಪ್ಯೂಟರಿನಲ್ಲಿರುವ 'ಬೆಟ್ಟಿ' ಎಂಬ ಕಾಲ್ಪನಿಕ ಹುಡುಗಿಗೆ ವಿಜ್ಞಾನ ಹೇಳಿಕೊಡುವಂತೆ ಮಕ್ಕಳಿಗೆ ಹೇಳಲಾಯಿತು. ತಮಗಾಗಿ ಓದುವ ಮಕ್ಕಳಿಗಿಂತ ಬೆಟ್ಟಿಗಾಗಿ ಓದುವ ಮಕ್ಕಳು ಹೆಚ್ಚು ಹೊತ್ತು ಓದಿದರು. ಸಂಶೋಧಕರು ಇದನ್ನು 'ಪ್ರೊಟೆಜೆ ಎಫೆಕ್ಟ್' ಅಂದರು. ಕನ್ನಡದಲ್ಲಿ 'ಶಿಷ್ಯನ ಪ್ರಭಾವ' ಅನ್ನೋಣ. ನಮಗೋಸ್ಕರ ಅಂದರೆ ನಾಳೆ ಓದಿದರಾಯ್ತು ಅನ್ನುತ್ತೇವೆ. ಸಂಜೆ ಆರಕ್ಕೆ ನಾಲ್ಕು ಜನ ಕಾಯುತ್ತಿದ್ದಾರೆ ಅಂದರೆ ಹಾಗೆ ಮುಂದೂಡಲು ಆಗುವುದಿಲ್ಲ.

ಲಾಭವನ್ನು ಉಬ್ಬಿಸಿ ಹೇಳುವುದೂ ಬೇಡ. 1982ರಲ್ಲಿ ಕೋಹೆನ್ ಮತ್ತು ಕುಲಿಕ್ ದಂಪತಿ 65 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಹೇಳಿಸಿಕೊಂಡವರಿಗೂ, ಹೇಳಿಕೊಟ್ಟವರಿಗೂ ಅನುಕೂಲ ಆಗಿತ್ತು. ಆದರೆ ಆ ಅನುಕೂಲ ಸಾಧಾರಣ ಗಾತ್ರದ್ದು, ಪವಾಡ ಅಲ್ಲ.

'ಈ ಅರ್ಧ ಎಲ್ಲಿಂದ ಬಂತಣ್ಣ?'

ಈಗ ನನ್ನ ಕಥೆ. ನಮ್ಮ ಕಾಲೇಜಿಗೆ ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಸೇರುವ ಹುಡುಗ ಹುಡುಗಿಯರು ಪ್ರತಿವರ್ಷ ಬರುತ್ತಿದ್ದರು. ಮೊದಲ ವರ್ಷದ ಎಂ-1, ಎಂ-2 ಅವರಿಗೆ ಇರುವುದಿಲ್ಲ. ಬಂದ ಕೂಡಲೇ ಎಂ-3 ಎದುರು ನಿಲ್ಲಬೇಕು: ಫೋರಿಯರ್ ಸೀರೀಸ್, ಟ್ರಾನ್ಸ್‌ಫಾರ್ಮ್ ಎಲ್ಲ. ಅದರ ಮೇಲೆ ಡಿಪ್ಲೊಮಾದವರಿಗೆಂದೇ ಇರುವ ಹೆಚ್ಚುವರಿ ಗಣಿತದ ಪೇಪರ್ ಬೇರೆ. ಕನ್ನಡ ಮೀಡಿಯಂನಿಂದ ಬಂದವರಾದರೆ ಇಂಗ್ಲಿಷ್ ಕೂಡ ಇನ್ನೊಂದು ಸಬ್ಜೆಕ್ಟ್ ಇದ್ದ ಹಾಗೆ.

ನಾನು 5ನೇ ಸೆಮಿಸ್ಟರ್‌ನಲ್ಲಿದ್ದಾಗ ಹಾಸ್ಟೆಲ್ ಮೆಸ್ ಪಕ್ಕದ ಹಾಲ್‌ನಲ್ಲಿ ವಾರಕ್ಕೆ ಎರಡು ಸಂಜೆ ಅವರ ಜೊತೆ ಕೂರಲು ಶುರು ಮಾಡಿದೆ. ಒಂದು ಹಳೇ ಬೋರ್ಡ್, ಎಂಟೋ ಹತ್ತೋ ಜನ. ಎಸ್ಐ ಅನ್ನುವ ಹೆಸರು ಆಗ ಕಿವಿಗೂ ಬಿದ್ದಿರಲಿಲ್ಲ.

ಒಂದು ಸಂಜೆ ಫೋರಿಯರ್ ಸೀರೀಸ್ ನಡೆಯುತ್ತಿತ್ತು. ಅದರ ಮೊದಲ ಪದ 'ಎ-ನಾಟ್ ಬೈ ಟು'. ಒಬ್ಬ ಹುಡುಗ ಕೇಳಿದ, 'ಅಣ್ಣ, ಮಿಕ್ಕಿದ್ದೆಲ್ಲ ಬರೀ ಎ-ಎನ್, ಬಿ-ಎನ್ ಅಂತ ಇದೆ. ಇದೊಂದಕ್ಕೆ ಈ ಅರ್ಧ ಎಲ್ಲಿಂದ ಬಂತಣ್ಣ?'

ನೂರಾರು ಲೆಕ್ಕ ಬಿಡಿಸಲು ಈ ಪ್ರಶ್ನೆಯ ಅಗತ್ಯವೇ ಬೀಳುವುದಿಲ್ಲ. ಸೂತ್ರಕ್ಕೆ ಹಾಕಿದರೆ ಉತ್ತರ ಬರುತ್ತದೆ, ಅಂಕವೂ ಬರುತ್ತದೆ. ಆದರೆ ಎದುರಿಗೆ ಕೂತವನು 'ಯಾಕೆ' ಅಂದಾಗ ಅಂಕದ ಸಮಾಧಾನ ನಡೆಯುವುದಿಲ್ಲ. ಎಲ್ಲರೂ ಸೇರಿ ಬೋರ್ಡ್ ಮೇಲೆ ಬಿಡಿಸುತ್ತಾ ಹೋದೆವು. ಆ ಮೊದಲ ಪದ ಅಂದರೆ ಇಡೀ ಒಂದು ಸುತ್ತಿನ ಸರಾಸರಿ ಬೆಲೆ. ಎ-ಎನ್ ಕಂಡುಹಿಡಿಯುವ ಸೂತ್ರದಲ್ಲೇ ಎನ್ ಜಾಗಕ್ಕೆ ಸೊನ್ನೆ ಹಾಕಿದರೆ ಸಿಗುವುದು ಆ ಸರಾಸರಿಯ ಎರಡರಷ್ಟು. ಎರಡಕ್ಕೂ ಒಂದೇ ಸೂತ್ರ ನಡೆಯಲಿ ಅಂತ ಕೊನೆಯಲ್ಲಿ ಅರ್ಧ ಮಾಡಿಕೊಂಡಿದ್ದಾರೆ, ಅಷ್ಟೇ.

ಇಷ್ಟಾದ ಮೇಲೆ ಅದೇ ಹುಡುಗ, 'ಸರಾಸರಿ ಅಂದ್ರೆ, ಲ್ಯಾಬಲ್ಲಿ ಸ್ಕೋಪ್ ಮೇಲೆ ವೇವ್ ಪೂರ್ತಿ ಮೇಲಕ್ಕೆ ಹೋಗಿ ನಿಲ್ಲುತ್ತಲ್ಲ, ಡಿಸಿ ಆಫ್‌ಸೆಟ್, ಅದೇ ಅಲ್ವಾ ಅಣ್ಣ?' ಅಂದ.

ಅದೇ! ಡಿಪ್ಲೊಮಾದ ಮೂರು ವರ್ಷ ಕೈಯಾರೆ ಸರ್ಕ್ಯೂಟ್ ಜೋಡಿಸಿದವನಿಗೆ ಅದು ಕಣ್ಣಿಗೆ ಕಂಡಿತು. ಪಿಯುಸಿಯಿಂದ ಬಂದ ನನಗೆ ಸೂತ್ರ ಗೊತ್ತಿತ್ತು, ಅವನಿಗೆ ಅಲೆ ಗೊತ್ತಿತ್ತು. ಆ ಸಂಜೆ ಎರಡೂ ಸೇರಿದವು. 6ನೇ ಸೆಮಿಸ್ಟರ್‌ನಲ್ಲಿ ಸಿಗ್ನಲ್‌ಗಳ ವಿಷಯ ಬಂದಾಗಲೆಲ್ಲ ನನ್ನ ಕಣ್ಮುಂದೆ ಬರುತ್ತಿದ್ದದ್ದು ಪುಸ್ತಕ ಅಲ್ಲ, ಅವನು ಕೈಯಲ್ಲಿ ಗಾಳಿಯಲ್ಲಿ ಬರೆದು ತೋರಿಸಿದ ಆ ಅಲೆ.

ರಾಸ್ಕೋ ಮತ್ತು ಚಿ ಎಂಬ ಸಂಶೋಧಕರು 2007ರಲ್ಲಿ ಹೇಳಿಕೊಡುವವರನ್ನು ಎರಡು ಬಗೆಯಾಗಿ ನೋಡಿದರು. ಗೊತ್ತಿದ್ದದ್ದನ್ನು ಹಾಗೇ ಒಪ್ಪಿಸುವವರು ಒಂದು ಬಗೆ. ಹೇಳುತ್ತಾ ಹೇಳುತ್ತಾ ತಮ್ಮ ತಿಳಿವಳಿಕೆಯನ್ನೇ ಮತ್ತೆ ಕಟ್ಟಿಕೊಳ್ಳುವವರು ಇನ್ನೊಂದು. ನಿಜವಾದ ಲಾಭ ಎರಡನೆಯವರಿಗೆ. ಆದರೆ ಹೇಳಿಕೊಡುವವರಲ್ಲಿ ಬಹಳ ಜನ ತಾವಾಗಿಯೇ ಮೊದಲನೇ ದಾರಿ ಹಿಡಿಯುತ್ತಾರೆ. ಅವರನ್ನು ಎರಡನೇ ದಾರಿಗೆ ತಳ್ಳುವುದು ಹೆಚ್ಚಾಗಿ ಕಲಿಯುವವರ ಪ್ರಶ್ನೆಗಳೇ. ಪ್ರಶ್ನೆ ಕೇಳಲು ಬಿಡದ ಕೂಟದಲ್ಲಿ ಸೀನಿಯರ್‌ಗೂ ನಷ್ಟ.

ಸುಮ್ಮನಿರುವ ಕಲೆ

ಪ್ರಶ್ನೆ ಕೇಳಲು ಬಿಡುವುದು ಅಂದುಕೊಂಡಷ್ಟು ಸುಲಭ ಅಲ್ಲ. ಅಮೆರಿಕದ ಮೇರಿ ಬಡ್ ರೋ 1970ರ ದಶಕದಲ್ಲಿ ತರಗತಿಗಳನ್ನು ಗಮನಿಸಿದಾಗ, ಟೀಚರ್‌ಗಳು ಪ್ರಶ್ನೆ ಕೇಳಿ ಉತ್ತರಕ್ಕೆ ಸರಾಸರಿ ಒಂದು ಸೆಕೆಂಡ್ ಮಾತ್ರ ಕಾಯುತ್ತಿದ್ದರು. ಅದನ್ನು ಮೂರು ಸೆಕೆಂಡ್‌ಗೆ ಏರಿಸಿದರೆ ಉತ್ತರಗಳು ಉದ್ದವಾದವು, ಸುಮ್ಮನೆ ಕೂರುತ್ತಿದ್ದವರೂ ಬಾಯಿ ಬಿಟ್ಟರು.

ಮೂರು ಸೆಕೆಂಡ್ ಏನು ಮಹಾ ಅನ್ನಿಸಬಹುದು. ಒಮ್ಮೆ ಬೋರ್ಡ್ ಎದುರು ನಿಂತು ನೋಡಿ, ಆ ಮೌನ ಎಷ್ಟು ಉದ್ದ ಅಂತ ಗೊತ್ತಾಗುತ್ತದೆ. ಉತ್ತರ ನಾಲಿಗೆ ತುದಿಯಲ್ಲಿ ಇಟ್ಟುಕೊಂಡು ತಡೆದು ನಿಲ್ಲುವುದನ್ನು ನಾನು ಅಲ್ಲೇ ಕಲಿತೆ. ಇವತ್ತು ಮೀಟಿಂಗ್‌ನಲ್ಲಿ 'ಯಾರಿಗಾದರೂ ಡೌಟ್ ಇದೆಯಾ?' ಅಂತ ಕೇಳಿ ಮರುಕ್ಷಣವೇ 'ಓಕೆ, ಮುಂದಕ್ಕೆ ಹೋಗೋಣ' ಅನ್ನುವವರನ್ನು ಕಂಡಾಗ ಆ ಹಾಲ್ ನೆನಪಾಗುತ್ತದೆ.

ನಮ್ಮ ಕೂಟಕ್ಕೆ ಬರುತ್ತಿದ್ದ ಒಬ್ಬ ಹುಡುಗಿ ಮೊದಲ ಒಂದು ತಿಂಗಳು ಮಾತೇ ಆಡಲಿಲ್ಲ. ಕ್ಲಾಸ್‌ನಲ್ಲಿ ಇಂಗ್ಲಿಷಿನಲ್ಲಿ ಕೇಳಬೇಕಲ್ಲ ಅನ್ನುವ ಅಂಜಿಕೆ ಇಲ್ಲಿಗೂ ಹಿಂಬಾಲಿಸಿತ್ತು. ಕನ್ನಡದಲ್ಲೇ ಕೇಳಬಹುದು, ತಪ್ಪಾಗಿಯೂ ಕೇಳಬಹುದು ಅಂತ ಖಾತ್ರಿಯಾದ ಮೇಲೆ ಅವಳ ಪ್ರಶ್ನೆಗಳೇ ಎಲ್ಲರಿಗಿಂತ ಹರಿತ. ಅವಳಿಗೆ ಹೇಳಬೇಕು ಅಂದರೆ ಇಂಗ್ಲಿಷ್ ಪದದ ಹಿಂದೆ ಅಡಗಿಕೊಳ್ಳಲು ಆಗುತ್ತಿರಲಿಲ್ಲ. 'ಡೆರಿವೇಟಿವ್' ಅಂದರೆ ಸಾಲದು, ಬಸ್ಸಿನ ಸ್ಪೀಡೋಮೀಟರ್ ಮುಳ್ಳು ಆ ಕ್ಷಣಕ್ಕೆ ತೋರಿಸುವ ವೇಗ ಅಂತ ಬಿಡಿಸಿ ಹೇಳಬೇಕಿತ್ತು. ನನಗೆ ಎಷ್ಟು ಅರ್ಥ ಆಗಿದೆ ಅನ್ನುವುದಕ್ಕೆ ಅದಕ್ಕಿಂತ ಗಟ್ಟಿ ಪರೀಕ್ಷೆ ಇನ್ನೊಂದಿರಲಿಲ್ಲ. ಮುಂದಿನ ವರ್ಷ ಅದೇ ಹಾಲ್‌ನಲ್ಲಿ ಹೊಸ ಬ್ಯಾಚ್‌ಗೆ ಕೂಟ ನಡೆಸಿದವಳು ಅವಳು.

ಆಫೀಸಿನಲ್ಲಿ ಇದೇ ಕೆಲಸ, ಹೆಸರು ಬೇರೆ

ತಿಪಟೂರು ಕಡೆಯ ಹಳ್ಳಿಯಿಂದ ಬಂದವನು ನಾನು. ಕ್ಯಾಂಪಸ್ ಇಂಟರ್‌ವ್ಯೂ ಅಂದರೆ ಗ್ರೂಪ್ ಡಿಸ್ಕಷನ್‌ನ ಇಂಗ್ಲಿಷ್‌ಗೇ ಹೆಚ್ಚು ಭಯ. ಆದರೆ ಟೆಕ್ನಿಕಲ್ ರೌಂಡ್‌ನಲ್ಲಿ 'ಬೋರ್ಡ್ ಮೇಲೆ ಬಿಡಿಸಿ ಹೇಳಿ' ಅಂದಾಗ ಕೈ ನಡುಗಲಿಲ್ಲ. ಎರಡು ವರ್ಷ ಮಾಡಿದ್ದೇ ಅದು. ಯೋಚನೆಯನ್ನು ಬಾಯಲ್ಲಿ ಹೇಳುತ್ತಾ ಹೋಗುವುದು, ಎದುರಿನವರ ಮುಖ ನೋಡಿ ಅರ್ಥ ಆಗುತ್ತಿದೆಯಾ ಅಂತ ಗುರುತು ಹಿಡಿಯುವುದು, ಸಿಕ್ಕಿಕೊಂಡರೆ ಒಂದು ಹೆಜ್ಜೆ ಹಿಂದೆ ಹೋಗುವುದು. ಇಂಗ್ಲಿಷ್ ಅಲ್ಲಲ್ಲಿ ತಡವರಿಸಿತು, ವಿಷಯ ತಡವರಿಸಲಿಲ್ಲ.

ಕೆಲಸಕ್ಕೆ ಸೇರಿದ ಮೇಲೆ ನೋಡಿದರೆ ನಮ್ಮ ಇಡೀ ಉದ್ಯೋಗವೇ ಇದರ ಮೇಲೆ ನಿಂತಿದೆ. ಒಬ್ಬರು ಪ್ರಾಜೆಕ್ಟ್ ಬಿಟ್ಟು ಹೋಗುವಾಗ 'ಕೆಟಿ' ಕೊಡಬೇಕು. ಫ್ರೆಶರ್ ಬಂದರೆ ಆನ್‌ಬೋರ್ಡಿಂಗ್. ಕೋಡ್ ರಿವ್ಯೂನಲ್ಲಿ 'ಇದು ತಪ್ಪು' ಅಂತ ಬರೆದರೆ ಜಗಳ, 'ಇಲ್ಲಿ ಲಿಸ್ಟ್ ಖಾಲಿ ಬಂದರೆ ಏನಾಗುತ್ತೆ?' ಅಂತ ಕೇಳಿದರೆ ಕಲಿಕೆ. ಇದು ಎಸ್ಐನ ನಿಯಮವೇ, ಪ್ರಶ್ನೆಯನ್ನು ಎದುರಿನವರ ಕಡೆಗೆ ತಿರುಗಿಸುವುದು.

ಪ್ರೋಗ್ರಾಮರ್‌ಗಳಲ್ಲಿ 'ರಬ್ಬರ್ ಡಕ್' ಅನ್ನುವ ಮಾತಿದೆ. ಆಂಡ್ರ್ಯೂ ಹಂಟ್ ಮತ್ತು ಡೇವಿಡ್ ಥಾಮಸ್ 1999ರಲ್ಲಿ ಬರೆದ 'ದಿ ಪ್ರಾಗ್ಮ್ಯಾಟಿಕ್ ಪ್ರೋಗ್ರಾಮರ್' ಪುಸ್ತಕದಿಂದ ಅದು ಜನಪ್ರಿಯವಾಯಿತು. ಬಗ್ ಸಿಗದಿದ್ದರೆ ಮೇಜಿನ ಮೇಲಿನ ಆಟಿಕೆ ಬಾತುಕೋಳಿಗೆ ಕೋಡನ್ನು ಸಾಲು ಸಾಲಾಗಿ ವಿವರಿಸಿ, ವಿವರಿಸುವಾಗ ತಪ್ಪು ನಿಮಗೇ ಹೊಳೆಯುತ್ತದೆ ಅನ್ನುವುದು ಅದರ ಅರ್ಥ. ಜೂನಿಯರ್ ಅಂದರೆ 'ಈ ಅರ್ಧ ಎಲ್ಲಿಂದ ಬಂತು' ಅಂತ ತಿರುಗಿ ಕೇಳುವ ಬಾತುಕೋಳಿ. ಅದಕ್ಕೇ ಅವರಿಂದ ಇನ್ನೂ ಹೆಚ್ಚು ಲಾಭ.

ಚಿಕ್ಕಮ್ಮನ ಪ್ರಶ್ನೆ

ಇಷ್ಟೆಲ್ಲ ಒಳ್ಳೆಯದಾದರೂ ಒಂದು ಪ್ರಶ್ನೆಗೆ ಉತ್ತರ ಕೊಡದೆ ಮುಂದೆ ಹೋಗುವ ಹಾಗಿಲ್ಲ. ಹೋದ ವರ್ಷ ನನ್ನ ಚಿಕ್ಕಮ್ಮ ಫೋನ್ ಮಾಡಿದ್ದರು. ಅವರ ಮಗಳು, ಅಂದರೆ ನನ್ನ ತಂಗಿ, ಇಂಜಿನಿಯರಿಂಗ್ 3ನೇ ವರ್ಷದಲ್ಲಿದ್ದಳು. ಅವಳ ಕಾಲೇಜಿನಲ್ಲಿ ಗಣಿತದಲ್ಲಿ ಹಿಂದುಳಿದ ಜೂನಿಯರ್‌ಗಳ ಜೊತೆ ಕೂರಲು ಅವಳನ್ನು ಕೇಳಿದ್ದರು.

'ಮುಂದಿನ ವರ್ಷ ಪ್ಲೇಸ್‌ಮೆಂಟು ಕಣೋ. ಗೇಟ್ ಬೇರೆ ಬರೀಬೇಕು ಅಂತಾಳೆ. ಇವಳ ಓದೇ ಇವಳಿಗೆ ಹಾಸಿ ಹೊದೆಯೋಷ್ಟಿದೆ. ಸಂಬಳ ಕೊಡಲ್ಲ, ಸರ್ಟಿಫಿಕೇಟ್ ಒಂದು ಕೊಡ್ತಾರಂತೆ. ನೀನಾದ್ರೂ ಬೇಡ ಅನ್ನೋ' ಅಂದರು.

ಚಿಕ್ಕಮ್ಮನ ಮಾತಿನಲ್ಲಿ ನ್ಯಾಯ ಇತ್ತು. ಒಬ್ಬ ಹುಡುಗಿಯ ಮೇಲೆ ಮನೆಯವರು ಸಾಲ ಮಾಡಿ ಹಾಕಿದ ದುಡ್ಡು, ಅವಳ ಒಂದು ವರ್ಷ, ಎರಡೂ ಸಣ್ಣವಲ್ಲ. ಹಾಗಾಗಿ 'ಸೇವೆ ಚಿಕ್ಕಮ್ಮ, ಒಳ್ಳೇದಾಗುತ್ತೆ' ಅಂತ ಹೇಳುವ ಬದಲು ತಂಗಿಯ ಜೊತೆ ಕೂತು ಲೆಕ್ಕ ಹಾಕಿದೆ.

ವಾರಕ್ಕೆ ಎರಡು ಕೂಟ, ಒಂದೊಂದು ಗಂಟೆ. ಅದಕ್ಕೆ ತಯಾರಿ ಇನ್ನೆರಡು ಗಂಟೆ. ಒಟ್ಟು ವಾರಕ್ಕೆ ನಾಲ್ಕು ಗಂಟೆ. ಬರುವುದೇನು? ಹೆಚ್ಚಿನ ಇಂಜಿನಿಯರಿಂಗ್ ವಿಭಾಗಗಳ ಗೇಟ್ ಪೇಪರ್‌ನಲ್ಲಿ 100 ಅಂಕಕ್ಕೆ ಸುಮಾರು 13 ಅಂಕ ಇಂಜಿನಿಯರಿಂಗ್ ಗಣಿತದ್ದು. ಅವಳು ಜೂನಿಯರ್‌ಗಳ ಜೊತೆ ಮಾಡಬೇಕಿದ್ದ ಡಿಫರೆನ್ಷಿಯಲ್ ಈಕ್ವೇಷನ್, ಲೀನಿಯರ್ ಆಲ್ಜಿಬ್ರಾ ಎಲ್ಲ ಅದೇ ಸಿಲಬಸ್. ಹೇಗೂ ಓದಲೇಬೇಕಾದದ್ದು. ಒಬ್ಬಳೇ ಕೂತು ಓದಿದರೆ ಪುಟ ತಿರುಗಿಸುತ್ತಾಳೆ, ಆರು ಜನರ ಎದುರು ನಿಂತರೆ ಪುಟ ಬಿಡಿಸುತ್ತಾಳೆ.

ಕೆಲವು ಕಟ್ಟುಪಾಡು ಹಾಕಿಕೊಂಡಳು. ಒಂದೇ ಸಬ್ಜೆಕ್ಟ್. ಕೂಟದ ಹೊತ್ತು ಬಿಟ್ಟು ವಾಟ್ಸ್ಆ್ಯಪ್‌ನಲ್ಲಿ ಡೌಟ್ ಹೇಳುವುದಿಲ್ಲ. ಅಸೈನ್‌ಮೆಂಟ್, ರೆಕಾರ್ಡ್ ಬರೆದುಕೊಡುವುದಿಲ್ಲ. ಗೇಟ್‌ಗೆ ಎರಡು ತಿಂಗಳು ಇರುವಾಗ ನಿಲ್ಲಿಸಿ ಇನ್ನೊಬ್ಬರಿಗೆ ಒಪ್ಪಿಸುವುದು. ಇದನ್ನು ಮೊದಲ ದಿನವೇ ಮೇಡಂಗೆ ಹೇಳಿದಳು, ಅವರೂ ಒಪ್ಪಿದರು. ಈ ಗೆರೆಗಳು ಇಲ್ಲದಿದ್ದರೆ ಚಿಕ್ಕಮ್ಮನ ಭಯವೇ ನಿಜವಾಗುವ ಸಾಧ್ಯತೆ ಇತ್ತು.

ಕಾಲೇಜುಗಳಿಗೂ ಇಲ್ಲಿ ಒಂದು ಮಾತು. ಎಸ್ಐ ನಡೆಸುವ ವಿಶ್ವವಿದ್ಯಾಲಯಗಳಲ್ಲಿ ಕೂಟ ನಡೆಸುವ ವಿದ್ಯಾರ್ಥಿಗಳಿಗೆ ಮೊದಲು ತರಬೇತಿ ಇರುತ್ತದೆ, ಮೇಲ್ವಿಚಾರಕರು ಇರುತ್ತಾರೆ, ಅನೇಕ ಕಡೆ ಗಂಟೆಗಿಷ್ಟು ಅಂತ ಸಂಬಳವೂ ಇರುತ್ತದೆ. ನಮ್ಮ 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕೂಡ ಶಾಲಾ ಹಂತದಲ್ಲಿ ಮಕ್ಕಳು ಮಕ್ಕಳಿಗೆ ಕಲಿಸುವುದನ್ನು ಪ್ರೋತ್ಸಾಹಿಸುತ್ತದೆ, ಆದರೆ ಅದು ಸ್ವಇಚ್ಛೆಯಿಂದ, ತರಬೇತಿ ಪಡೆದ ಶಿಕ್ಷಕರ ಕಣ್ಗಾವಲಿನಲ್ಲಿ ಆಗಬೇಕು ಅನ್ನುತ್ತದೆ. ಲೆಕ್ಚರರ್ ಕೊರತೆ ತುಂಬಲು ಸೀನಿಯರ್‌ಗಳನ್ನು ಪುಕ್ಕಟೆಯಾಗಿ ನಿಲ್ಲಿಸುವುದಕ್ಕೆ ಈ ಹೆಸರು ಇಡಬಾರದು.

ಎಲ್ಲರೂ ಪಾಸಾಗುವುದಿಲ್ಲ

ನಮ್ಮ ಕೂಟಕ್ಕೆ ತಪ್ಪದೆ ಬರುತ್ತಿದ್ದ ಹುಡುಗರಲ್ಲಿ ಒಬ್ಬ ಎರಡು ಸಲ ಬರೆದರೂ ಹೆಚ್ಚುವರಿ ಗಣಿತದ ಪೇಪರ್ ಪಾಸಾಗಲಿಲ್ಲ. ಬುದ್ಧಿ ಇರಲಿಲ್ಲ ಅಂತಲ್ಲ. ಅಪ್ಪನಿಗೆ ಹುಷಾರಿರಲಿಲ್ಲ, ವಾರದ ಕೊನೆಗೆ ಊರಿಗೆ ಹೋಗಿ ಗಾರೆ ಕೆಲಸ ಮಾಡಿ ಬರುತ್ತಿದ್ದ. ಸಂಜೆ ಕೂಟದಲ್ಲಿ ಅವನ ಕಣ್ಣು ಮುಚ್ಚಿಹೋಗುತ್ತಿತ್ತು. ಒಂದು ದಿನ ರೂಮ್ ಖಾಲಿ ಮಾಡಿಕೊಂಡು ಹೋದ. ಹೋಗುವಾಗ ಹಾಲ್‌ಗೆ ಬಂದು, 'ಅಣ್ಣ, ಎ-ನಾಟ್ ಮಾತ್ರ ಮರೆಯಲ್ಲ ಬಿಡಿ' ಅಂತ ನಕ್ಕ.

ಆಮೇಲೆ ಎಷ್ಟೋ ದಿನ ನನಗೆ ಕೂಟ ನಡೆಸುವ ಮನಸ್ಸಾಗಲಿಲ್ಲ. ಫೋರಿಯರ್ ಸೀರೀಸ್ ಅರ್ಥ ಮಾಡಿಸಬಹುದು, ಒಂದು ಮನೆಯ ಕಷ್ಟವನ್ನು ಹಂಚಿಕೊಳ್ಳಲು ಇಪ್ಪತ್ತೊಂದರ ಹುಡುಗನ ಹತ್ತಿರ ಏನಿರುತ್ತದೆ? ಈಗ ಅವನು ಊರಿನಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದಾನೆ, ಯುಗಾದಿಗೆ ಫೋನ್ ಮಾಡುತ್ತಾನೆ. ಮನೆಗೆ ದುಡಿಯುತ್ತಿದ್ದಾನೆ ಅನ್ನುವುದು ಸಮಾಧಾನ. ಡಿಗ್ರಿ ಕೈತಪ್ಪಿತಲ್ಲ ಅನ್ನುವ ನೋವು ಅವನಿಗೂ ಇದೆ, ನನಗೂ ಇದೆ.

ಈ ಅನುಭವವನ್ನು 'ಲಾಭ' ಅಂತ ಕರೆಯಲು ಮನಸ್ಸಾಗುವುದಿಲ್ಲ. ಆದರೆ ಟೀಮ್‌ನಲ್ಲಿ ಒಬ್ಬರು ಇದ್ದಕ್ಕಿದ್ದ ಹಾಗೆ ಕೆಲಸದಲ್ಲಿ ಹಿಂದೆ ಬಿದ್ದರೆ 'ಸೋಮಾರಿ' ಅನ್ನುವ ಮೊದಲು 'ಮನೆಯಲ್ಲಿ ಎಲ್ಲ ಆರಾಮಾ?' ಅಂತ ಕೇಳುವ ಅಭ್ಯಾಸ ನನಗೆ ಬಂದದ್ದು ಅವನಿಂದ. ಅಂಕಪಟ್ಟಿಯ ಹಿಂದೆ ಒಬ್ಬ ಮನುಷ್ಯ ಇದ್ದಾನೆ ಅನ್ನುವುದನ್ನು ಹೇಳಿಕೊಡುವ ಪೇಪರ್ ನಮ್ಮ ಸಿಲಬಸ್‌ನಲ್ಲಿ ಇರಲಿಲ್ಲ.

ಶುರು ಮಾಡುವುದಾದರೆ

ನೀವು ಇನ್ನೂ ಓದುತ್ತಿದ್ದರೆ, ಅಥವಾ ಓದುವ ತಮ್ಮ, ತಂಗಿ ನಿಮಗಿದ್ದರೆ, ಈ ನಾಲ್ಕು ಮಾತು ನೆನಪಿರಲಿ.

ಒಂದು, ನೀವು ಪಾಸಾಗಿ ಒಂದೆರಡು ವರ್ಷ ಆಗಿರುವ ಸಬ್ಜೆಕ್ಟನ್ನೇ ಆರಿಸಿಕೊಳ್ಳಿ. ಎಲ್ಲಿ ಕಷ್ಟ ಆಗಿತ್ತು ಅನ್ನುವುದು ನಿಮಗಿನ್ನೂ ನೆನಪಿರುತ್ತದೆ. ಇಪ್ಪತ್ತು ವರ್ಷ ಪಾಠ ಮಾಡಿದವರಿಗೆ ಅದು ಮರೆತುಹೋಗಿರುತ್ತದೆ.

ಎರಡು, ಪೂರ್ತಿ ಪಾಠ ಒಪ್ಪಿಸಬೇಡಿ. ಒಂದು ಲೆಕ್ಕ ಬೋರ್ಡ್ ಮೇಲೆ ಬರೆದು ಸೀಮೆಸುಣ್ಣ ಅವರ ಕೈಗೆ ಕೊಡಿ. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಐದರವರೆಗೆ ಎಣಿಸಿ.

ಮೂರು, ಉತ್ತರ ಗೊತ್ತಿಲ್ಲದ ಪ್ರಶ್ನೆ ಬಂದರೆ ಮುಂದಿನ ಕೂಟಕ್ಕೆ ಹುಡುಕಿ ತನ್ನಿ, ಅಥವಾ ಎಲ್ಲರೂ ಸೇರಿ ಅಲ್ಲೇ ಹುಡುಕಿ. ನಿಮಗೆ ಹೆಚ್ಚು ಕಲಿಸುವುದು ಆ ಪ್ರಶ್ನೆಗಳೇ.

ನಾಲ್ಕು, ಮುಗಿಯುವ ದಿನಾಂಕವನ್ನು ಮೊದಲೇ ಗೊತ್ತು ಮಾಡಿ. ನಿಮ್ಮ ಜಾಗಕ್ಕೆ ಬರುವವರನ್ನು ಅದೇ ಗುಂಪಿನಿಂದ ತಯಾರು ಮಾಡಿ.

ಕೆಲಸಕ್ಕೆ ಸೇರಿದವರಿಗೂ ಇದು ಮುಗಿದ ಅಧ್ಯಾಯ ಅಲ್ಲ. ಹೊಸ ಟೂಲ್ ಒಂದು ಕಲಿಯಬೇಕು ಅಂತ ಆರು ತಿಂಗಳಿಂದ ಕೋರ್ಸ್ ಖರೀದಿಸಿ ಇಟ್ಟಿದ್ದೀರಾ? 'ಮುಂದಿನ ಶುಕ್ರವಾರ ಅರ್ಧ ಗಂಟೆ ಇದರ ಬಗ್ಗೆ ಹೇಳ್ತೀನಿ' ಅಂತ ಟೀಮ್‌ಗೆ ಇವತ್ತೇ ಒಂದು ಮೆಸೇಜ್ ಹಾಕಿಬಿಡಿ. ಆ ವಾರ ಆ ಕೋರ್ಸ್ ತಾನಾಗೇ ಮುಗಿಯುತ್ತದೆ.

ದೊಡ್ಡ ಯೋಜನೆ ಬೇಡ. ಒಂದು ಸಬ್ಜೆಕ್ಟ್, ವಾರಕ್ಕೆ ಒಂದು ಗಂಟೆ, ನಾಲ್ಕು ಜನ. ಕಲಿಯಲು ಬಂದವರಿಗೆ ಒಂದು ದಾರಿ ಸಿಗುತ್ತದೆ. ಹೇಳಿಕೊಡಲು ನಿಂತವರಿಗೆ ತಮಗೆ ಏನು ಗೊತ್ತು, ಏನು ಗೊತ್ತಿಲ್ಲ ಅನ್ನುವುದರ ಸರಿಯಾದ ಲೆಕ್ಕ ಸಿಗುತ್ತದೆ. ಅಂಥ ಲೆಕ್ಕ ಕೊಡುವ ಪರೀಕ್ಷೆಯನ್ನು ಯಾವ ವಿಶ್ವವಿದ್ಯಾಲಯವೂ ಇನ್ನೂ ನಡೆಸುತ್ತಿಲ್ಲ.